ಕಾಂಜಿಯೂ ರಕ್ತನಾಳಗಳ ಉರಿಯೂತವೂ

ಉದ್ಯೋಗನಿಮಿತ್ತವಾಗಿ ದೆಹಲಿಗೆ ಬಂದು ನೆಲಸಿದ ಕನ್ನಡಿಗರಿಗೆ ಇಲ್ಲಿಯ ಚಳಿಯ ಪರಿಚಯ ಮೊದಲ ವರ್ಷವೇ ಆಗುತ್ತದೆ. ಕಾಂಜಿಯ ಪರಿಚಯವಾಗಲು ಬಹಳ ಕಾಲ ಹಿಡಿಯುತ್ತದೆ. ಡಿಸೆಂಬರ್ ತಿಂಗಳು ಕಾಲಿಟ್ಟೊಡನೆ ಇಲ್ಲಿಯ ತರಕಾರಿ ಮಂಡಿಗಳಲ್ಲಿ ನೇರಳೆಗಪ್ಪು ಬಣ್ಣದ ಗಜ್ಜರಿಗಳು ಕಾಣಿಸಿಕೊಳ್ಳುತ್ತವೆ. ಪಂಜಾಬಿ ಗೃಹಿಣಿಯರು ಅವುಗಳನ್ನು ಉದ್ದಕ್ಕೆ ಸೀಳಿ, ಒಂದೆರಡು ಬೀಟ್‌ರೂಟಿನ ಹೋಳುಗಳೊಡನೆ ನೀರು ತುಂಬಿದ ಜಾಡಿಗೆ ಹಾಕಿ, ಉಪ್ಪು, ಸಾಸಿವೆಯ ಪುಡಿ, ತುಸು ಮೆಣಸಿನ ಪುಡಿ ಬೆರೆಸಿ, ಬಾಯಿಗೆ ಬಟ್ಟೆ ಕಟ್ಟಿ ಬಿಸಿಲು ಬೀಳುವ ಕಡೆ ಇಡುತ್ತಾರೆ. ನಾಲ್ಕಾರು ದಿನಗಳಲ್ಲಿ ಆ ನೀರು ದ್ರಾಕ್ಷಾರಸದ ಬಣ್ಣ ತಾಳಿ, ಹುಳಿಯೇರಿ, ಸಾಸಿವೆಯ ಘಾಟು ಮೂಗಿಗೇರುವಂಥ ಪಾನೀಯವಾಗುತ್ತದೆ. ಹೋಳಿ ಹಬ್ಬದ ಸಮಯಕ್ಕೆ ಅದರಲ್ಲಿ ಹೆಸರುಬೇಳೆಯ ವಡೆಗಳನ್ನು ನೆನೆಸಿ ಕಾಂಜಿವಡೆ ಮಾಡುವುದೂ ಉಂಟು.

ಹೆಸರು ಹಳೆಯದು. ಆಯುರ್ವೇದ ಗ್ರಂಥಗಳಲ್ಲಿ ಬರುವ ‘ಕಾಂಜಿಕ’ವೆಂದರೆ ಧಾನ್ಯದ ಗಂಜಿಯನ್ನು ಹುಳಿಬರಿಸಿದ ದ್ರವ. ಉತ್ತರ ಭಾರತದಲ್ಲಿ ಅದೇ ಹೆಸರು ತರಕಾರಿಯ ಹುಳಿನೀರಿಗೆ ಬಂದು ನಿಂತಿದೆ. ಇಂಥ ಪಾನೀಯ ನಮ್ಮ ದೇಶಕ್ಕೆ ಮಾತ್ರ ಸೀಮಿತವೂ ಅಲ್ಲ. ತುರ್ಕಿ ದೇಶದ ಅದಾನಾ ಪಟ್ಟಣದಲ್ಲಿ ಇದೇ ಕಪ್ಪು ಗಜ್ಜರಿಯಿಂದ ಷಲ್ಗಮ್ ಎಂಬ ಹುಳಿಪಾನೀಯವನ್ನು ಮಾಡುತ್ತಾರೆ. ಪೋಲೆಂಡಿನವರು ಬೀಟ್‌ರೂಟನ್ನು ಹುಳಿಬರಿಸಿ ಸಾರಿಗೆ ಬಳಸುತ್ತಾರೆ. ಜರ್ಮನರು ಹುಳಿಗೋಸಿನ ರಸವನ್ನು ಶೀಶೆಗಳಲ್ಲಿ ತುಂಬಿ ಮಾರುತ್ತಾರೆ.

ಈಚಿನ ವರ್ಷಗಳಲ್ಲಿ ಈ ಹುಳಿನೀರಿಗೆ ಹೊಸದೊಂದು ಪ್ರತಿಷ್ಠೆ ಪ್ರಾಪ್ತವಾಗಿದೆ. ಕಾಂಜಿಯು ರಕ್ತನಾಳಗಳ ಉರಿಯೂತವನ್ನು ಶಮನಮಾಡುತ್ತದೆ, ಹೃದಯಾಘಾತವನ್ನು ದೂರವಿಡುತ್ತದೆ ಎಂಬ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿವೆ. ನಮ್ಮ ಸಂಘದ ಸದಸ್ಯರಲ್ಲಿ ಹಲವರು ಇದನ್ನು ನಂಬಿ ನಿತ್ಯವೂ ಕುಡಿಯತೊಡಗಿದ್ದಾರೆ. ಪ್ರಸ್ತುತ ಲೇಖಕನು ವೈದ್ಯನಲ್ಲ. ವಾಣಿಜ್ಯಶಾಸ್ತ್ರದ ಪದವೀಧರ, ಬ್ಯಾಂಕಿನ ನೌಕರ. ಆದರೆ ಜಮೆಯ ಕಡೆ ಬರೆದ ಮೊತ್ತವನ್ನು ಕಂಡೊಡನೆ ಖರ್ಚಿನ ಕಡೆಗೂ ಕಣ್ಣು ಹಾಯಿಸುವುದು ನಮ್ಮ ವೃತ್ತಿಯ ಅಭ್ಯಾಸ. ಆ ಅಭ್ಯಾಸಬಲದಿಂದ ಈ ಹುಳಿನೀರಿನ ಲೆಕ್ಕವನ್ನು ಪರಿಶೀಲಿಸಿದಾಗ ಕಂಡುಬಂದುದನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ಉರಿಯೂತವೆಂದರೇನು ಎಂಬುದನ್ನು ನೋಡೋಣ. ಕೈಗೆ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಊದುತ್ತದೆ, ನೋಯುತ್ತದೆ. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಸೆಲ್ಸಸ್ ಎಂಬಾತ ಬರೆದಿಟ್ಟ ನಾಲ್ಕು ಲಕ್ಷಣಗಳು ಇವೇ. ನಮ್ಮ ಕನ್ನಡ ಪದವು ಅವುಗಳಲ್ಲಿ ಉರಿ, ಊತ ಎಂಬೆರಡನ್ನು ತನ್ನ ಹೆಸರಿನಲ್ಲಿಯೇ ಇಟ್ಟುಕೊಂಡಿದೆ. ಇದು ರೋಗವಲ್ಲ, ದೇಹದ ರಕ್ಷಣಾ ವ್ಯವಸ್ಥೆ. ಬಿಳಿಯ ರಕ್ತಕಣಗಳು ಗಾಯದ ಸ್ಥಳಕ್ಕೆ ಧಾವಿಸಿ, ಹೊರಗಿನ ವಸ್ತುವನ್ನು ಮುತ್ತಿ ನುಂಗಿ, ಕೆಲಸ ಮುಗಿದ ಮೇಲೆ ಚದುರಿಹೋಗುತ್ತವೆ. ಕೆಲಸ ಮುಗಿಯದೆ, ವರ್ಷಗಟ್ಟಲೆ ಸಣ್ಣ ಉರಿಯಲ್ಲಿ ಬೇಯುತ್ತಲೇ ಇರುವ ಉರಿಯೂತವೇ ಅಪಾಯಕಾರಿಯಾದದ್ದು.

ರಕ್ತನಾಳದಲ್ಲಿ ಆಗುವುದು ಇದೇ. ಅಪಧಮನಿಯ ಒಳಗೋಡೆಗೆ ಒಂದೇ ಒಂದು ಜೀವಕೋಶದಷ್ಟು ದಪ್ಪದ ಒಳಪೊರೆಯುಂಟು. ಧೂಮಪಾನ, ಏರಿದ ರಕ್ತದೊತ್ತಡ, ಸಕ್ಕರೆ ಕಾಯಿಲೆ ಇವುಗಳಿಂದ ಆ ಪೊರೆ ಹದಗೆಟ್ಟಾಗ ರಕ್ತದಲ್ಲಿರುವ ಕೆಟ್ಟ ಕೊಲೆಸ್ಟರಾಲ್ ಅದರಡಿಗೆ ನುಸುಳಿ ಕುಳಿತುಕೊಳ್ಳುತ್ತದೆ. ಬಿಳಿಯ ಕಣಗಳು ಅದನ್ನು ಶತ್ರುವೆಂದು ಬಗೆದು ಒಳನುಗ್ಗಿ ನುಂಗತೊಡಗುತ್ತವೆ. ನುಂಗಿ ನುಂಗಿ ಜಿಡ್ಡು ತುಂಬಿದ ಚೀಲಗಳಂತಾಗಿ ಅಲ್ಲಿಯೇ ಸಾಯುತ್ತವೆ. ಈ ಅವಶೇಷಗಳ ಗುಡ್ಡೆಯ ಮೇಲೆ ತೆಳುವಾದ ಮುಚ್ಚಳವೊಂದು ಬೆಳೆಯುತ್ತದೆ. ಒಂದು ದಿನ ಆ ಮುಚ್ಚಳ ಹರಿದಾಗ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಹೋಗುತ್ತದೆ. ನಾವು ಹೃದಯಾಘಾತವೆಂದು ಕರೆಯುವುದು ಇದನ್ನೇ. ಬರ್ಲಿನ್ನಿನ ರುಡಾಲ್ಫ್ ವಿರ್ಕೋ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿಯೇ ಇದರಲ್ಲಿ ಉರಿಯೂತದ ಕೈವಾಡವನ್ನು ಗುರುತಿಸಿದ್ದನು. ಆದರೂ ಬಹುಕಾಲ ವೈದ್ಯಲೋಕವು ಇದನ್ನು ಕೊಳವೆಯಲ್ಲಿ ಕೊಬ್ಬು ಕಟ್ಟಿಕೊಳ್ಳುವ ವಿಷಯವೆಂದೇ ಎಣಿಸಿತ್ತು. ೧೯೯೯ರಲ್ಲಿ ಅಮೆರಿಕದ ರಸೆಲ್ ರಾಸ್ ಎಂಬ ವಿಜ್ಞಾನಿಯು ಅಪಧಮನಿಗಳು ಪೆಡಸಾಗುವುದು ಒಂದು ಉರಿಯೂತದ ರೋಗವೆಂದು ಸಾರುವ ಪ್ರಬಂಧ ಬರೆದ ಮೇಲೆ ದೃಷ್ಟಿ ಬದಲಾಯಿತು.

ಪ್ರಮಾಣ ದೊರೆತದ್ದು ೨೦೧೭ರಲ್ಲಿ. ಹಿಂದೆ ಒಮ್ಮೆ ಹೃದಯಾಘಾತವಾಗಿದ್ದ ೧೦,೦೬೧ ರೋಗಿಗಳ ಮೇಲೆ ನಡೆಸಿದ ‘ಕ್ಯಾಂಟೋಸ್’ ಎಂಬ ಪ್ರಯೋಗದಲ್ಲಿ, ಕೊಲೆಸ್ಟರಾಲನ್ನು ಮುಟ್ಟದೆ ಉರಿಯೂತವನ್ನು ಮಾತ್ರ ತಗ್ಗಿಸುವ ಚುಚ್ಚುಮದ್ದನ್ನು ಮೂರು ತಿಂಗಳಿಗೊಮ್ಮೆ ಕೊಡಲಾಯಿತು. ೧೫೦ ಮಿಲಿಗ್ರಾಂ ಪ್ರಮಾಣದಲ್ಲಿ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಮರಣ ಇವು ಒಟ್ಟಾಗಿ ಶೇಕಡಾ ೧೫ರಷ್ಟು ಕಡಿಮೆಯಾದುವು. ಆದರೆ ಪ್ರಾಣಾಂತಿಕ ಸೋಂಕುಗಳು ಹೆಚ್ಚಿದುವು. ಕಾವಲುಗಾರನನ್ನು ಮಲಗಿಸಿದರೆ ಮನೆಯ ಗದ್ದಲ ನಿಲ್ಲುತ್ತದೆ, ಕಳ್ಳನಿಗೂ ದಾರಿಯಾಗುತ್ತದೆ. ಆದುದರಿಂದ ಯಾವುದೇ ಪಾನೀಯವು ಉರಿಯೂತವನ್ನು ಸಂಪೂರ್ಣವಾಗಿ ಅಳಿಸುತ್ತದೆ ಎಂದು ಯಾರಾದರೂ ಹೊಗಳಿದರೆ, ಅದು ನಿಜವಾಗಿರದಿರಲಿ ಎಂದೇ ಹಾರೈಸಬೇಕು!

ಈ ವಿಷಯ ನಮ್ಮಂಥವರಿಗೆ ಏಕೆ ಮುಖ್ಯವೆಂದರೆ, ದಕ್ಷಿಣ ಏಷ್ಯದವರಿಗೆ ಹೃದಯಾಘಾತ ಬೇಗ ಬರುತ್ತದೆ. ೫೨ ದೇಶಗಳಲ್ಲಿ ನಡೆದ ‘ಇಂಟರ್‌ಹಾರ್ಟ್’ ಅಧ್ಯಯನದ ಅಂಕಿ ಅಂಶಗಳನ್ನು ವಿಂಗಡಿಸಿ ೨೦೦೭ರಲ್ಲಿ ಪ್ರಕಟಿಸಿದಾಗ, ಮೊದಲ ಹೃದಯಾಘಾತದ ಸರಾಸರಿ ವಯಸ್ಸು ನಮ್ಮವರಲ್ಲಿ ೫೩, ಇತರ ದೇಶದವರಲ್ಲಿ ೫೮.೮ ಎಂದು ಕಂಡುಬಂತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ವೈದ್ಯರೂ ಈ ಕಾರ್ಯದಲ್ಲಿ ಭಾಗಿಗಳಾಗಿದ್ದರು. ಐವತ್ತಮೂರು ಎಂದರೆ ಮಗಳ ಮದುವೆಯೂ ಮನೆಸಾಲದ ಕಂತೂ ಎರಡೂ ಬಾಕಿಯಿರುವ ವಯಸ್ಸು.

ಇನ್ನು ಹುಳಿಗೂ ಉರಿಯೂತಕ್ಕೂ ಇರುವ ನಂಟು. ಇವೆರಡನ್ನೂ ಒಬ್ಬನೇ ವ್ಯಕ್ತಿ ಕೈಗೆತ್ತಿಕೊಂಡದ್ದು ವಿಜ್ಞಾನದ ಇತಿಹಾಸದಲ್ಲಿ ಸ್ವಾರಸ್ಯಕರವಾದ ಅಧ್ಯಾಯ. ಆತನ ಹೆಸರು ಇಲ್ಯಾ ಮೆಚ್ನಿಕಾಫ್. ೧೮೪೫ರಲ್ಲಿ ಖಾರ್ಕಿವ್ ಸಮೀಪದಲ್ಲಿ ಹುಟ್ಟಿದವನು. ೧೮೮೨ರಲ್ಲಿ ಆತನು ಇಟಲಿಯ ಮೆಸ್ಸಿನಾದಲ್ಲಿ ಬಿಡಾರ ಮಾಡಿದ್ದನು. ಒಂದು ದಿನ ಮನೆಯವರೆಲ್ಲರೂ ಸರ್ಕಸ್ಸಿನ ಕಪಿಗಳನ್ನು ನೋಡಲು ಹೋಗಿದ್ದಾಗ ತಾನೊಬ್ಬನೇ ಉಳಿದು, ಗಾಜಿನಂತೆ ಪಾರದರ್ಶಕವಾದ ನಕ್ಷತ್ರಮೀನಿನ ಮರಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಕುಳಿತನು. ಮರಿಯ ದೇಹದೊಳಗೆ ಅಲೆದಾಡುವ ಕಣಗಳನ್ನು ಕಂಡು ಒಂದು ಯೋಚನೆ ಹೊಳೆಯಿತು. ತೋಟಕ್ಕೆ ಹೋಗಿ ಗುಲಾಬಿಯ ಮುಳ್ಳುಗಳನ್ನು ಕಿತ್ತು ತಂದು ಮರಿಗಳಿಗೆ ಚುಚ್ಚಿದನು. ಆ ರಾತ್ರಿ ಆತನಿಗೆ ನಿದ್ರೆ ಬರಲಿಲ್ಲವಂತೆ. ಬೆಳಗ್ಗೆ ಎದ್ದು ನೋಡಿದರೆ ಅಲೆಮಾರಿ ಕಣಗಳು ಮುಳ್ಳಿನ ಸುತ್ತ ಮುತ್ತಿಗೆ ಹಾಕಿದ್ದುವು! ಉರಿಯೂತವೆಂದರೆ ದೇಹದ ಹೋರಾಟವೆಂಬ ಅರಿವು ಅಲ್ಲಿಂದ ಮೊದಲಾಯಿತು. ಇದಕ್ಕಾಗಿ ೧೯೦೮ರಲ್ಲಿ ಪಾಲ್ ಎರ್ಲಿಕ್‌ನೊಡನೆ ಆತನಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಅಷ್ಟು ಹೊತ್ತಿಗೆ ಮೆಚ್ನಿಕಾಫ್ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಮುಪ್ಪಿನ ರಹಸ್ಯವನ್ನು ಕೆದಕುತ್ತಿದ್ದನು. ದೊಡ್ಡಕರುಳಿನಲ್ಲಿ ಆಹಾರ ಕೊಳೆತು ಹುಟ್ಟುವ ವಿಷಗಳು ರಕ್ತಕ್ಕೆ ಸೇರಿ ಅಪಧಮನಿಗಳನ್ನು ಗಡುಸು ಮಾಡುತ್ತವೆ ಎಂಬುದು ಆತನ ವಾದ. ಪರಿಹಾರ? ಬಲ್ಗೇರಿಯದ ರೈತರಂತೆ ಹುಳಿ ಹಾಲನ್ನು ಸೇವಿಸುವುದು. ಅದರಲ್ಲಿರುವ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಗಳು ಕೊಳೆಸುವ ಬ್ಯಾಕ್ಟೀರಿಯಗಳನ್ನು ಹತ್ತಿಕ್ಕುತ್ತವೆ. ತಾನೂ ವರ್ಷಗಟ್ಟಲೆ ನೇಮದಿಂದ ಹುಳಿ ಹಾಲು ಕುಡಿದನು. ಯುರೋಪಿನಲ್ಲಿ ಅದೊಂದು ಗೀಳಾಗಿಯೇ ಹಬ್ಬಿತು. ೧೯೧೬ರ ಜುಲೈ ತಿಂಗಳಲ್ಲಿ, ೭೧ನೆಯ ವಯಸ್ಸಿನಲ್ಲಿ, ಆತನು ಮರಣಹೊಂದಿದ್ದು ಹೃದಯದ ವೈಫಲ್ಯದಿಂದ.

ಇದನ್ನು ಓದಿ ನಗುವುದು ಸುಲಭ. ಆದರೆ ಆತನ ಪ್ರಶ್ನೆ ಸತ್ತಿರಲಿಲ್ಲ. ಕರುಳಿನ ಸೂಕ್ಷ್ಮಜೀವಿಗಳಿಗೂ ರಕ್ತನಾಳಗಳಿಗೂ ಸಂಬಂಧವಿದೆಯೆಂದು ನೂರು ವರ್ಷಗಳ ಅನಂತರ ವಿಜ್ಞಾನಿಗಳು ಮತ್ತೆ ಹೇಳತೊಡಗಿದ್ದಾರೆ. ಕರುಳಿನ ಒಳಪದರ ಬಿಗಿಯಾಗಿರುವ ತನಕ ಅಲ್ಲಿಯ ಕೋಟ್ಯಂತರ ಜೀವಿಗಳು ಅಲ್ಲಿಯೇ ಇರುತ್ತವೆ. ಪದರ ಸಡಿಲವಾದರೆ ಬ್ಯಾಕ್ಟೀರಿಯಗಳ ಚೂರುಗಳು ರಕ್ತಕ್ಕೆ ಸೋರಿ, ಬಿಳಿಯ ಕಣಗಳನ್ನು ಕೆರಳಿಸುತ್ತವೆ. ಆ ಕೆರಳಿಕೆಯ ಸುದ್ದಿಯನ್ನು ಹೊತ್ತು ಇಂಟರ್‌ಲ್ಯೂಕಿನ್ ಎಂಬ ದೂತ ಪ್ರೋಟೀನುಗಳು ಯಕೃತ್ತಿಗೆ ಹೋಗುತ್ತವೆ. ಯಕೃತ್ತು ಸಿ-ರಿಯಾಕ್ಟಿವ್ ಪ್ರೋಟೀನನ್ನು ಉತ್ಪಾದಿಸುತ್ತದೆ. ವಾರ್ಷಿಕ ಆರೋಗ್ಯ ತಪಾಸಣೆಯ ವರದಿಗಳಲ್ಲಿ ‘ಹೆಚ್‌ಎಸ್-ಸಿಆರ್‌ಪಿ’ ಎಂಬ ಒಂದು ಸಾಲನ್ನು ವಾಚಕರು ಕಂಡಿರಬಹುದು. ಅದು ಇದೇ. ಲೀಟರಿಗೆ ೧ ಮಿಲಿಗ್ರಾಮಿಗಿಂತ ಕಡಿಮೆಯಿದ್ದರೆ ಹೃದ್ರೋಗದ ಅಪಾಯ ಕಡಿಮೆ. ೧ರಿಂದ ೩ ಮಧ್ಯಮ. ೩ಕ್ಕೆ ಮೇಲ್ಪಟ್ಟರೆ ಹೆಚ್ಚು. ನೆಗಡಿ, ಹಲ್ಲಿನ ಹುಣ್ಣು ಇದ್ದಾಗಲೂ ಇದು ಏರುತ್ತದೆಯಾದುದರಿಂದ ಒಂದೇ ಸಲದ ಅಂಕಿಯನ್ನು ನೋಡಿ ಹೆದರಬೇಕಾಗಿಲ್ಲ.

ಹಾಗಾದರೆ ಜಾಡಿಯೊಳಗೆ ನಡೆಯುವುದೇನು? ಗಜ್ಜರಿಯ ಸಿಪ್ಪೆಯ ಮೇಲೆ ಹುಟ್ಟಿನಿಂದಲೇ ಬಗೆಬಗೆಯ ಬ್ಯಾಕ್ಟೀರಿಯಗಳಿರುತ್ತವೆ. ಉಪ್ಪುನೀರು ಅವುಗಳಲ್ಲಿ ಹಲವನ್ನು ಹಿಂದಕ್ಕಟ್ಟುತ್ತದೆ. ಉಪ್ಪನ್ನು ತಾಳಬಲ್ಲ ಲ್ಯಾಕ್ಟಿಕ್ ಬ್ಯಾಕ್ಟೀರಿಯಗಳಿಗೆ ಮೈದಾನ ತೆರವಾಗುತ್ತದೆ. ಮೊದಲು ಲ್ಯೂಕೊನಾಸ್ಟಾಕ್ ಎಂಬ ಜಾತಿ ಮುಂದೆ ಬಂದು ತರಕಾರಿಯ ಸಕ್ಕರೆಯನ್ನು ಆಮ್ಲವಾಗಿಯೂ ಅನಿಲವಾಗಿಯೂ ಮಾರ್ಪಡಿಸುತ್ತದೆ. ಎರಡನೆಯ ದಿನ ಕಾಣುವ ಗುಳ್ಳೆಗಳು ಅದರ ಗುರುತು. ಹುಳಿ ಹೆಚ್ಚಿದಂತೆ ಅದು ತಾನೇ ಸೋತು, ಆಮ್ಲವನ್ನು ಚೆನ್ನಾಗಿ ಸಹಿಸುವ ಪ್ಲಾಂಟರಂ ಎಂಬ ಲ್ಯಾಕ್ಟೊಬ್ಯಾಸಿಲಸ್ ಜಾತಿಗೆ ಅಧಿಕಾರ ಬಿಟ್ಟುಕೊಡುತ್ತದೆ. ಹೆಪ್ಪು ಹಾಕಿದವರಿಲ್ಲ, ಒಲೆ ಹೊತ್ತಿಸಿದವರಿಲ್ಲ. ನಮ್ಮ ಇಡ್ಲಿಯ ಹಿಟ್ಟು ರಾತ್ರಿ ಕಳೆಯುವುದರೊಳಗೆ ಉಬ್ಬಿ ನಿಲ್ಲುವುದೂ ಈ ಬಳಗದವರ ಕೃಪೆಯಿಂದಲೇ. ಕಪ್ಪು ಗಜ್ಜರಿಯ ಬಣ್ಣಕ್ಕೆ ಕಾರಣವಾದ ಆಂಥೋಸಯನಿನ್ ಎಂಬ ವಸ್ತುವೂ ನೀರಿಗಿಳಿಯುತ್ತದೆ. ನೇರಳೆಹಣ್ಣಿಗೆ ಬಣ್ಣ ಕೊಡುವುದೂ ಅದೇ.

ಈಗ ಜಮೆಯ ಬಾಬನ್ನು ನೋಡೋಣ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು ೨೦೨೧ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಆರೋಗ್ಯವಂತರಾದ ೩೬ ಮಂದಿಯನ್ನು ಎರಡು ಪಂಗಡ ಮಾಡಿ, ಒಂದಕ್ಕೆ ನಾರು ಹೆಚ್ಚಿರುವ ಆಹಾರವನ್ನೂ ಇನ್ನೊಂದಕ್ಕೆ ಹುಳಿಬರಿಸಿದ ಆಹಾರವನ್ನೂ ೧೦ ವಾರಗಳ ಕಾಲ ಕೊಟ್ಟರು. ಮೊಸರು, ಕೆಫಿರ್, ಕೊರಿಯದ ಕಿಮ್ಚಿ ಇವುಗಳೊಡನೆ ತರಕಾರಿಯ ಹುಳಿ ಉಪ್ಪುನೀರೂ ಆ ಪಟ್ಟಿಯಲ್ಲಿತ್ತು. ಹುಳಿಯ ಪಂಗಡದವರ ಕರುಳಿನಲ್ಲಿ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತು. ರಕ್ತದಲ್ಲಿ ಉರಿಯೂತವನ್ನು ಸೂಚಿಸುವ ೧೯ ಪ್ರೋಟೀನುಗಳ ಪ್ರಮಾಣ ಇಳಿಯಿತು. ಅವುಗಳಲ್ಲಿ ಮೇಲೆ ಹೇಳಿದ ದೂತರ ಪೈಕಿ ಒಂದಾದ ಇಂಟರ್‌ಲ್ಯೂಕಿನ್-೬ ಕೂಡ ಸೇರಿತ್ತು.

ರಕ್ತನಾಳವನ್ನೇ ಅಳೆದು ನೋಡಿದ ಪ್ರಯೋಗವೂ ಒಂದಿದೆ. ಅಮೆರಿಕದ ವಿಸ್ಕಾನ್ಸಿನ್ ವೈದ್ಯಕೀಯ ಕಾಲೇಜಿನವರು ೨೦೧೮ರಲ್ಲಿ ವರದಿ ಮಾಡಿದ ಪ್ರಕಾರ, ಹೃದಯದ ಅಪಧಮನಿಯ ರೋಗವಿದ್ದ ೨೦ ಮಂದಿ ಗಂಡಸರಿಗೆ ಪ್ಲಾಂಟರಂ ಬ್ಯಾಕ್ಟೀರಿಯದ ಒಂದು ತಳಿಯನ್ನು ಪಾನೀಯದಲ್ಲಿ ಬೆರೆಸಿ ಆರು ವಾರ ಕೊಟ್ಟಾಗ, ತೋಳಿನ ಅಪಧಮನಿಯು ಅಗತ್ಯಕ್ಕೆ ತಕ್ಕಂತೆ ಹಿಗ್ಗುವ ಶಕ್ತಿ ಸುಧಾರಿಸಿತು. ಉರಿಯೂತದ ಕೆಲವು ಸೂಚಕಗಳೂ ಇಳಿದುವು. ನಮ್ಮ ಜಾಡಿಯಲ್ಲಿ ಬೆಳೆಯುವ ಜಾತಿಯೂ ಇದೇ. ಆದರೆ ಜಾತಿ ಒಂದೇ ಆದರೂ ತಳಿ ಬೇರೆ. ಅದು ಪ್ರಯೋಗಶಾಲೆಯಲ್ಲಿ ಎಣಿಸಿ ಅಳೆದ ಬ್ಯಾಕ್ಟೀರಿಯ, ಇದು ದೈವವಶದಿಂದ ಬಂದದ್ದು.

ಮೂವತ್ತಾರು ಮಂದಿ, ಇಪ್ಪತ್ತು ಮಂದಿ ಎಂಬ ಸಂಖ್ಯೆಗಳನ್ನು ಕ್ಯಾಂಟೋಸಿನ ೧೦,೦೬೧ರ ಪಕ್ಕದಲ್ಲಿಟ್ಟು ನೋಡಿದರೆ ಸಾಕು, ಈ ಜಮೆಯ ತೂಕವೆಷ್ಟೆಂದು ತಿಳಿಯುತ್ತದೆ. ಸೂಚಕಗಳು ಇಳಿದುವು ಎಂಬುದು ಒಂದು ಮಾತು. ಹೃದಯಾಘಾತಗಳು ಕಡಿಮೆಯಾದುವು ಎಂಬುದು ಬೇರೆಯೇ ಮಾತು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಇದು ಸಲ್ಲಿಸಿದ ಚೆಕ್ಕು, ಇನ್ನೂ ನಗದಾಗಿಲ್ಲ.

ಬೀಟ್‌ರೂಟಿನ ವಿಚಾರದಲ್ಲಿ ಇನ್ನೊಂದು ಗೊಂದಲವಿದೆ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾನಿಲಯದವರು ೨೦೧೫ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಧಿಕ ರಕ್ತದೊತ್ತಡದ ೬೪ ರೋಗಿಗಳ ಪೈಕಿ ದಿನಕ್ಕೆ ೨೫೦ ಮಿಲಿಲೀಟರ್ ಬೀಟ್‌ರೂಟ್ ರಸವನ್ನು ನಾಲ್ಕು ವಾರ ಕುಡಿದವರಲ್ಲಿ ಮೇಲಿನ ಒತ್ತಡ ಸುಮಾರು ೮ ಅಂಶ ಇಳಿಯಿತು. ಅದರಲ್ಲಿರುವ ನೈಟ್ರೇಟ್ ದೇಹದಲ್ಲಿ ನೈಟ್ರಿಕ್ ಆಕ್ಸೈಡ್ ಆಗಿ ನಾಳಗಳನ್ನು ಸಡಿಲಿಸುತ್ತದೆ. ರಕ್ತನಾಳಗಳಲ್ಲಿ ಆ ಅನಿಲದ ಪಾತ್ರವನ್ನು ಕಂಡುಹಿಡಿದುದಕ್ಕೆ ೧೯೯೮ರಲ್ಲಿ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಎಂಬ ಮೂವರು ನೊಬೆಲ್ ಪಾರಿತೋಷಕ ಪಡೆದರು. ಆದರೆ ಲಂಡನ್ನಿನವರು ಕೊಟ್ಟದ್ದು ಬೀಟ್‌ರೂಟಿನ ರಸ, ಹುಳಿಬರಿಸಿದ ಉಪ್ಪುನೀರಲ್ಲ. ಹುದುಗುವ ಜಾಡಿಯಲ್ಲಿ ಆ ನೈಟ್ರೇಟಿನ ಒಂದಂಶವನ್ನು ಬ್ಯಾಕ್ಟೀರಿಯಗಳೇ ಬಳಸಿಬಿಡಬಲ್ಲುವು. ಒಬ್ಬರ ಖಾತೆಯ ಹಣವನ್ನು ಇನ್ನೊಬ್ಬರ ಖಾತೆಗೆ ಬರೆಯಲಾಗದು.

ಇನ್ನು ಖರ್ಚಿನ ಬಾಬು. ಅದು ಒಂದೇ ಒಂದು, ಆದರೆ ದೊಡ್ಡದು: ಉಪ್ಪು.

ಒಂದು ಲೀಟರ್ ನೀರು, ೨೫೦ ಗ್ರಾಂ ತರಕಾರಿ, ೨೦ ಗ್ರಾಂ ಉಪ್ಪು ಎಂದಿಟ್ಟುಕೊಳ್ಳೋಣ. ಉಪ್ಪು ಹೋಳುಗಳಿಗೂ ಸಮನಾಗಿ ಹರಡುತ್ತದೆ ಎಂದು ಗಣಿಸಿದರೂ ನೀರಿನಲ್ಲಿ ಶೇಕಡಾ ಒಂದೂವರೆಗೂ ಮಿಕ್ಕಿ ಉಳಿಯುತ್ತದೆ. ಅಂದರೆ ೨೦೦ ಮಿಲಿಲೀಟರಿನ ಒಂದು ಗ್ಲಾಸಿನಲ್ಲಿ ೩ ಗ್ರಾಮಿಗಿಂತ ಹೆಚ್ಚು ಉಪ್ಪು. ವಯಸ್ಕರಿಗೆ ಇಡೀ ದಿನಕ್ಕೆ ೫ ಗ್ರಾಮಿಗಿಂತ ಕಡಿಮೆಯಿರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹುಳಿ, ಪಲ್ಯ, ಚಟ್ನಿಪುಡಿ, ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಇವುಗಳ ಲೆಕ್ಕ ಇನ್ನೂ ಆರಂಭವೇ ಆಗಿಲ್ಲ.

ಉಪ್ಪು ರಕ್ತದೊತ್ತಡವನ್ನು ಏರಿಸುತ್ತದೆ, ಏರಿದ ಒತ್ತಡ ಒಳಪೊರೆಯನ್ನು ಹದಗೆಡಿಸುತ್ತದೆ ಎಂಬುದು ಎಲ್ಲರಿಗೂ ತಿಳಿದದ್ದೇ. ತಿಳಿಯದ ಸಂಗತಿಯೊಂದಿದೆ. ೨೦೧೭ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಜರ್ಮನಿಯ ವಿಜ್ಞಾನಿಗಳು ಪ್ರಕಟಿಸಿದ ಸಂಶೋಧನೆಯಂತೆ, ಹೆಚ್ಚು ಉಪ್ಪು ತಿನ್ನಿಸಿದ ಇಲಿಗಳ ಕರುಳಿನಲ್ಲಿ ಲ್ಯಾಕ್ಟೊಬ್ಯಾಸಿಲಸ್ ಕ್ಷೀಣಿಸಿ, ಉರಿಯೂತವನ್ನು ಕೆರಳಿಸುವ ಒಂದು ಬಗೆಯ ಬಿಳಿಯ ಕಣಗಳು ಹೆಚ್ಚಿದುವು. ಆರೋಗ್ಯವಂತರಾದ ೧೨ ಮಂದಿ ಗಂಡಸರಿಗೆ ದಿನಕ್ಕೆ ೬ ಗ್ರಾಂ ಉಪ್ಪನ್ನು ಹೆಚ್ಚುವರಿಯಾಗಿ ೧೪ ದಿನ ಕೊಟ್ಟಾಗ ಅವರಲ್ಲಿಯೂ ರಕ್ತದೊತ್ತಡ ಏರಿತು, ಲ್ಯಾಕ್ಟೊಬ್ಯಾಸಿಲಸ್ ಕುಂದಿತು. ಇದೂ ಸಣ್ಣ ಪ್ರಯೋಗವೇ, ನಿಜ. ಆದರೂ ವಿಚಿತ್ರವನ್ನು ಗಮನಿಸಿರಿ. ಯಾವ ಬ್ಯಾಕ್ಟೀರಿಯದ ಆಸೆಯಿಂದ ಕಾಂಜಿ ಕುಡಿಯುತ್ತೇವೆಯೋ, ಅದರ ಬಂಧುಗಳನ್ನೇ ಕಾಂಜಿಯ ಉಪ್ಪು ಕರುಳಿನಿಂದ ಓಡಿಸಬಹುದು. ಒಂದು ಕೈಯಿಂದ ಠೇವಣಿ ಇಟ್ಟು ಇನ್ನೊಂದು ಕೈಯಿಂದ ಹಿಂತೆಗೆದಂತೆ.

ಇದು ಬರಿಯ ಕಾಗದದ ಲೆಕ್ಕವಲ್ಲ. ನಮ್ಮ ಬಡಾವಣೆಯಲ್ಲಿಯೇ ಇರುವ, ಕೇಂದ್ರ ಸರ್ಕಾರದ ನೌಕರಿಯಿಂದ ನಿವೃತ್ತರಾದ ಹಿರಿಯರೊಬ್ಬರು—ರಾಯರೆಂದು ಕರೆಯೋಣ—ಒಂದು ಚಳಿಗಾಲದಲ್ಲಿ ಬೆಳಗ್ಗೆ ಒಂದು, ಸಂಜೆ ಒಂದು ದೊಡ್ಡ ಗ್ಲಾಸಿನಂತೆ ಕಾಂಜಿ ಕುಡಿಯಲಾರಂಭಿಸಿದರು. ಎರಡು ಸೇರಿ ಅರ್ಧ ಲೀಟರ್. ಉಪ್ಪು ಸುಮಾರು ೮ ಗ್ರಾಂ. ಅಷ್ಟೇ ಆಗಿದ್ದರೆ ಹೇಗೋ. ಅದರ ಧೈರ್ಯದಿಂದ ರಕ್ತದೊತ್ತಡದ ಗುಳಿಗೆಯನ್ನೂ ನಿಲ್ಲಿಸಿಬಿಟ್ಟರು. ಅವರ ಶ್ರೀಮತಿಯವರು ನಮ್ಮ ಮನೆಗೆ ಬಂದು, “ನೀವಾದರೂ ಸ್ವಲ್ಪ ಹೇಳಿ ನೋಡಿ. ನನ್ನ ಮಾತು ಅವರ ಕಿವಿಗೆ ಬೀಳೋದೇ ಇಲ್ಲ” ಎಂದರು. ನಾನು ಹೋಗಿ ಕೇಳಿದಾಗ ರಾಯರು, “ಇಪ್ಪತ್ತು ವರ್ಷ ಗುಳಿಗೆ ನುಂಗಿದ್ದು ಸಾಕು ಕಣ್ರೀ. ಇದೇನು ವಿಷವೇ? ತರಕಾರಿ ನೀರು ತಾನೆ?” ಎಂದು ನಕ್ಕುಬಿಟ್ಟರು. ನಾನು ಕಾಗದ ತೆಗೆದು ಉಪ್ಪಿನ ಲೆಕ್ಕವನ್ನು ಬರೆದು ತೋರಿಸಿದೆ. ಲೆಕ್ಕಪತ್ರ ಇಲಾಖೆಯಲ್ಲಿ ಆಯುಸ್ಸು ಕಳೆದವರು. ಕೂಡಿಸಿದ ಮೊತ್ತವನ್ನು ಎರಡು ಸಲ ತಾಳೆ ನೋಡಿ ಸುಮ್ಮನಾದರು. ಮರುದಿನ ವೈದ್ಯರು ನೋಡಿದಾಗ ಒತ್ತಡ ೧೭೮/೧೦೪ ಇತ್ತು. ಗುಳಿಗೆ ಮತ್ತೆ ಆರಂಭವಾಯಿತು. ರಾಯರು ಈಗಲೂ ಕಾಂಜಿ ಕುಡಿಯುತ್ತಾರೆ, ಆದರೆ ಶ್ರೀಮತಿಯವರು ಅಳೆದುಕೊಟ್ಟಷ್ಟನ್ನು ಮಾತ್ರ.

ಎಷ್ಟು ಕುಡಿಯಬಹುದು ಎಂದು ಕೇಳಿದರೆ, ಮೇಲಿನ ಪ್ರಮಾಣದಲ್ಲಿ ೬೦ ಮಿಲಿಲೀಟರಿಗೆ ಸುಮಾರು ೧ ಗ್ರಾಂ ಉಪ್ಪು ಬರುತ್ತದೆ. ನಮ್ಮ ಕಾಫಿಯ ಸಣ್ಣ ಲೋಟದಲ್ಲಿ ಅರ್ಧದಷ್ಟು. ಊಟದೊಡನೆ ಅಷ್ಟನ್ನು ಕುಡಿದು, ಆ ದಿನ ಉಪ್ಪಿನಕಾಯಿ, ಹಪ್ಪಳಗಳನ್ನು ಬಿಟ್ಟರೆ ಲೆಕ್ಕ ಸರಿಹೋಗುತ್ತದೆ. ಉಪ್ಪನ್ನೇ ಕಡಿಮೆ ಮಾಡಿ ಕಾಂಜಿ ಇಡಬಾರದೇ ಎಂದು ಕೆಲವರು ಕೇಳುತ್ತಾರೆ. ಉಪ್ಪು ತೀರ ಕಡಿಮೆಯಾದರೆ ಬೇಡದ ಜೀವಿಗಳು ಮೊದಲು ತಲೆಯೆತ್ತಬಹುದು. ಆದುದರಿಂದ ಜಾಡಿಯಲ್ಲಿ ಉಪ್ಪನ್ನು ಕಡಿಮೆ ಮಾಡುವುದಕ್ಕಿಂತ ಲೋಟವನ್ನು ಚಿಕ್ಕದು ಮಾಡುವುದು ಕ್ಷೇಮ. ಉಪ್ಪೂಡಿದ ತರಕಾರಿಗಳನ್ನು ಅತಿಯಾಗಿ ತಿನ್ನುವ ಪೂರ್ವ ಏಷ್ಯದ ದೇಶಗಳಲ್ಲಿ ಜಠರದ ಕ್ಯಾನ್ಸರಿನ ಶಂಕೆಯೂ ಇರುವುದರಿಂದ ಮಿತಿ ಒಳ್ಳೆಯದೇ.

ಹೃದಯ ದುರ್ಬಲವಾಗಿದ್ದು ಉಪ್ಪಿನ ಪಥ್ಯದಲ್ಲಿರುವವರು, ಮೂತ್ರಪಿಂಡದ ತೊಂದರೆಯುಳ್ಳವರು, ಅಂಗ ಕಸಿ ಮಾಡಿಸಿಕೊಂಡವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರು ಕೋಸು, ಸೊಪ್ಪುಗಳ ಹುಳಿರಸವನ್ನು ಹಠಾತ್ತನೆ ಆರಂಭಿಸಬಾರದು. ಅವುಗಳಲ್ಲಿಯ ಕೆ ಜೀವಸತ್ವವು ಔಷಧದ ಬಲವನ್ನು ಕುಗ್ಗಿಸುತ್ತದೆ. ಹುಳಿಬರಿಸಿದ ಪದಾರ್ಥಗಳಿಂದ ಕೆಲವರಿಗೆ ತಲೆನೋವೂ ಬರುವುದುಂಟು.

ಮಾಡುವ ಕ್ರಮದಲ್ಲಿ ಒಂದೆರಡು ಎಚ್ಚರಗಳನ್ನು ಹೇಳಬೇಕು. ನಗರದ ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಕುದಿಸಿ ಆರಿಸಿಕೊಳ್ಳಿರಿ. ಗಾಜಿನ ಅಥವಾ ಪಿಂಗಾಣಿಯ ಜಾಡಿಯೇ ಆಗಬೇಕು; ಹಿತ್ತಾಳೆ, ತಾಮ್ರ ಸರ್ವಥಾ ಕೂಡದು. ಹೋಳುಗಳು ನೀರಿನಲ್ಲಿ ಮುಳುಗಿರಲಿ. ಲೀಟರಿಗೆ ಎರಡು ಚಹಾ ಚಮಚ ಸಾಸಿವೆಯನ್ನು ತರಿತರಿಯಾಗಿ ಪುಡಿಮಾಡಿ ಹಾಕಿದರೆ ಸಾಕು. ದಿನಕ್ಕೊಮ್ಮೆ ಒಣಗಿದ ಮರದ ಸೌಟಿನಿಂದ ಕಲಕಿರಿ. ದೆಹಲಿಯ ಡಿಸೆಂಬರಿನಲ್ಲಿ ಐದಾರು ದಿನ ಬೇಕಾದೀತು. ಮುಂಬಯಿ, ಮದ್ರಾಸುಗಳ ಸೆಕೆಯಲ್ಲಿ ಎರಡು ಮೂರು ದಿನಗಳಲ್ಲಿಯೇ ಹುಳಿಯಾಗುತ್ತದೆ. ನಾಲಗೆಗೆ ಸ್ಪಷ್ಟವಾದ ಹುಳಿ ಬರುವ ತನಕ ಕುಡಿಯಬೇಡಿರಿ. ಅರ್ಧ ಹುದುಗಿದ ನೀರು ಕ್ಷೇಮವಲ್ಲ. ಬಣ್ಣದ ಬೂಷ್ಟು ಕಂಡರೆ, ಲೋಳೆಯಾದರೆ, ಕೆಟ್ಟ ವಾಸನೆ ಬಂದರೆ ಜಿಪುಣತನ ಮಾಡದೆ ಇಡೀ ಜಾಡಿಯನ್ನು ಚೆಲ್ಲಿರಿ. ಹುಳಿಯಾದ ಮೇಲೆ ಫ್ರಿಜ್ಜಿನಲ್ಲಿಡಿರಿ, ಕಾಯಿಸಬೇಡಿರಿ. ಕಾಯಿಸಿದರೆ ಬ್ಯಾಕ್ಟೀರಿಯಗಳು ಸಾಯುತ್ತವೆ, ಉಪ್ಪು ಮಾತ್ರ ಉಳಿಯುತ್ತದೆ. ಹೆಚ್ಚು ಕಾಲ ಕೆಡದಿರಲೆಂದು ಕಾಯಿಸಿ ತುಂಬಿದ ಅಂಗಡಿಯ ಶೀಶೆಗಳ ಗತಿಯೂ ಅದೇ.

ಕಾಂಜಿಯ ರುಚಿ ಒಗ್ಗದವರು ನಿರಾಶರಾಗಬೇಕಾಗಿಲ್ಲ. ಉಪ್ಪಿಲ್ಲದೆಯೂ ಹುಳಿಬರುವ ಪದಾರ್ಥಗಳು ನಮ್ಮಲ್ಲಿಯೇ ಇವೆ. ರಾತ್ರಿ ಮಾಡಿಟ್ಟು ಬೆಳಗ್ಗೆ ಮಜ್ಜಿಗೆ ಬೆರೆಸಿ ಕುಡಿಯುವ ರಾಗಿಯ ಅಂಬಲಿಗೆ ಉಪ್ಪನ್ನು ಕುಡಿಯುವಾಗ ಹಾಕಿಕೊಳ್ಳುತ್ತೇವೆ. ಹಾಕದಿದ್ದರೂ ಅದು ಹುಳಿಯಾಗಿರುತ್ತದೆ. ಕಡೆದ ಮಜ್ಜಿಗೆಯೂ ಹಾಗೆಯೇ. ಆದರೆ ದಕ್ಷಿಣ ಕನ್ನಡದವರು ಊರಿನಿಂದ ತಂದಿಡುವ ಉಪ್ಪುಸೊಳೆ, ಮಲೆನಾಡಿನವರ ಉಪ್ಪುನೀರಿನ ಮಾವಿನ ಮಿಡಿ ಇವು ಕಾಂಜಿಗಿಂತ ಎಷ್ಟೋ ಪಾಲು ಉಪ್ಪಿನವು. ಚೆನ್ನಾಗಿ ನೆನೆಸಿ, ನೀರು ಬಸಿದು ಬಳಸುವ ಅಜ್ಜಿಯರ ಕ್ರಮವನ್ನು ಬಿಡಬಾರದು.

ಕಪ್ಪು ಗಜ್ಜರಿ ಸಿಗದ ಊರಿನವರು ಬೀಟ್‌ರೂಟಿಗೆ ಒಂದೆರಡು ಕೆಂಪು ಗಜ್ಜರಿ ಸೇರಿಸಿ ಮಾಡಬಹುದು. ಬಣ್ಣ ತುಸು ತಿಳಿ, ರುಚಿಗೆ ಕೊರತೆಯಿಲ್ಲ. ನೀರು ಮುಗಿದ ಮೇಲೆ ಜಾಡಿಯ ತಳದಲ್ಲಿ ಉಳಿಯುವ ಹೋಳುಗಳನ್ನು ಅನೇಕರು ಎಸೆಯುತ್ತಾರೆ. ಅವನ್ನು ಸಣ್ಣಗೆ ಹೆಚ್ಚಿ ಹೆಸರುಬೇಳೆಯ ಕೋಸಂಬರಿಗೆ ಬೆರೆಸಿ, ಮೇಲೆ ತುಸು ಕಾಯಿತುರಿ ಉದುರಿಸಿದರೆ ಸೊಗಸಾಗಿರುತ್ತದೆ. ಆ ಕೋಸಂಬರಿಗೆ ಬೇರೆ ಉಪ್ಪು ಹಾಕುವ ಅಗತ್ಯವಿಲ್ಲ.